ದಂಡೆಯ ಕೋಣೆ, ಗುಡ್ಡದ ಮನೆ, ಊರೊಳಗಿನ ವಸತಿಗೃಹ

ಒಂದೇ ಕಡಲತೀರದಲ್ಲಿ ಮೂರು ಬಗೆಯ ವಸತಿಗಳಲ್ಲಿ ಮೂರು ಮೂರು ರಾತ್ರಿ ಉಳಿದು ನೋಡಿದೆವು. ಮೊದಲನೆಯದು ಮರಳಿಗೆ ಅಂಟಿಕೊಂಡಂತಿದ್ದ ಕೋಣೆ, ಎರಡನೆಯದು ಗುಡ್ಡದ ಮೇಲಿನ ಬಾಡಿಗೆ ಮನೆ, ಮೂರನೆಯದು ತೀರದಿಂದ ಒಂದೂವರೆ ಕಿಲೋಮೀಟರ್ ಒಳಗಿದ್ದ ವಸತಿಗೃಹ. ನೀರಿಗೆ ಹತ್ತಿರವಾದಷ್ಟೂ ಒಳ್ಳೆಯದೆಂಬ ನನ್ನ ನಂಬಿಕೆ ಮೊದಲ ರಾತ್ರಿಯೇ ಅಲುಗಾಡಿತು.

ದಂಡೆಯ ಕೋಣೆಗೆ ಇದ್ದದ್ದು ಒಂದೇ ದೊಡ್ಡ ಕಿಟಕಿ, ಅದೂ ಕಡಲಿನ ಕಡೆಗೆ. ಹಗಲಿನಲ್ಲಿ ನೆಲವು ನೀರಿಗಿಂತ ಬೇಗ ಕಾಯುವುದರಿಂದ ಗಾಳಿ ಕಡಲಿನಿಂದ ಒಳಕ್ಕೆ ಬೀಸುತ್ತದೆ. ಸಂಜೆಯವರೆಗೆ ಆ ಕಿಟಕಿ ಸ್ವರ್ಗವೇ ಆಗಿತ್ತು. ರಾತ್ರಿ ನೆಲವೇ ಬೇಗ ತಣಿಯುವುದರಿಂದ ಗಾಳಿಯ ದಿಕ್ಕು ತಿರುಗಿ, ನೆಲದಿಂದ ಕಡಲಿಗೆ ಬೀಸತೊಡಗುತ್ತದೆ. ಹಿಂಬದಿಯಲ್ಲಿ ಬರಿ ಗೋಡೆಯಿದ್ದ ನಮ್ಮ ಕೋಣೆಗೆ ಅದು ಬರಲು ದಾರಿಯೇ ಇರಲಿಲ್ಲ. ಅಲೆಗಳ ಸದ್ದು ಕೇಳುತ್ತಿತ್ತು, ಗಾಳಿ ಮಾತ್ರ ಬರುತ್ತಿರಲಿಲ್ಲ. ನನಗೆ ಜೋಗುಳವೆನಿಸಿದ ಆ ಸದ್ದು ಜೊತೆಗಿದ್ದವರ ನಿದ್ದೆಯನ್ನು ಮೂರೂ ರಾತ್ರಿ ಕೆಡಿಸಿತೆಂಬುದನ್ನೂ ಹೇಳಬೇಕು. ಬಚ್ಚಲಿನ ನೀರು ಸವಳಾಗಿದ್ದು, ಸಾಬೂನು ನೊರೆ ಕಟ್ಟುತ್ತಿರಲಿಲ್ಲ. ದಂಡೆಗೆ ತೀರಾ ಹತ್ತಿರದ ಬಾವಿಗಳಿಂದ ಮಿತಿಮೀರಿ ನೀರೆತ್ತಿದರೆ ಉಪ್ಪುನೀರು ಒಳಕ್ಕೆ ನುಗ್ಗುವುದುಂಟು. ಬಾಗಿಲಿನ ಚಿಲಕ ತುಕ್ಕು ಹಿಡಿದು, ತೆರೆಯಲು ಪ್ರತಿಸಲವೂ ಭುಜ ಕೊಡಬೇಕಾಗುತ್ತಿತ್ತು.

ನಾವು ಹೋದದ್ದು ಅಮಾವಾಸ್ಯೆಯ ಆಸುಪಾಸಿನಲ್ಲಿ. ಅಮಾವಾಸ್ಯೆ, ಹುಣ್ಣಿಮೆಗಳ ಹೊತ್ತಿಗೆ ಉಬ್ಬರ ಹೆಚ್ಚು ಎತ್ತರಕ್ಕೆ ಏರುತ್ತದೆ. ಹಾಗಾಗಿ ಕೋಣೆಯೆದುರಿನ ಮರಳು ಕೆಲವು ಗಂಟೆಗಳ ಕಾಲ ಕಾಣದಂತಾಗುತ್ತಿತ್ತು. ಒಂದು ಉಬ್ಬರದಿಂದ ಮುಂದಿನದಕ್ಕೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿದ್ದುದರಿಂದ ಆ ಹೊತ್ತು ದಿನವೂ ಐವತ್ತು ನಿಮಿಷದಷ್ಟು ಮುಂದಕ್ಕೆ ಹೋಗುತ್ತಿತ್ತು. ಬಾಗಿಲ ಮುಂದೆಯೇ ದಂಡೆಯಿದೆಯೆಂದು ಹಣ ತೆತ್ತವರು, ಅದು ದಿನದ ಯಾವ ಹೊತ್ತಿನಲ್ಲಿರುತ್ತದೆಂದು ಕೇಳಿಕೊಳ್ಳುವುದು ಮೇಲು.

ಗುಡ್ಡದ ಮನೆಗೆ ಎರಡೂ ಬದಿಯಲ್ಲಿ ಕಿಟಕಿಗಳಿದ್ದವು. ಹಗಲಿನ ಗಾಳಿ ಒಂದು ಕಡೆಯಿಂದ, ರಾತ್ರಿಯ ಗಾಳಿ ಇನ್ನೊಂದು ಕಡೆಯಿಂದ ಬರುತ್ತಿದ್ದುದರಿಂದ ಫ್ಯಾನು ಹಾಕುವ ಪ್ರಸಂಗವೇ ಬರಲಿಲ್ಲ. ಮೇಲಿನಿಂದ ಮರಳು ಎಷ್ಟು ತೆರೆದಿದೆಯೆಂದು ನೋಡಿಕೊಂಡೇ ಕೆಳಗಿಳಿಯುತ್ತಿದ್ದುದರಿಂದ, ದಂಡೆಯಲ್ಲೇ ಉಳಿದಿದ್ದಾಗಿನದಕ್ಕಿಂತ ಹೆಚ್ಚು ಹೊತ್ತು ನೀರಿನಲ್ಲಿ ಕಳೆದೆವು. ಆದರೆ ಇಳಿಯಲು ನೂರನಲವತ್ತು ಮೆಟ್ಟಿಲು. ಮಂಡಿನೋವಿದ್ದವರಿಗೆ ಈ ಮನೆಯನ್ನು ನಾನು ಸೂಚಿಸಲಾರೆ. ಒಣಹಾಕಿದ ಎರಡು ಟವೆಲುಗಳು ಗಾಳಿಗೆ ಹಾರಿಹೋದವು, ಮತ್ತೆ ಸಿಗಲಿಲ್ಲ.

ಊರೊಳಗಿನ ವಸತಿಗೃಹದ ಬಗ್ಗೆ ಹೇಳುವುದು ಕಡಿಮೆ. ಸಿಹಿನೀರು, ಗಟ್ಟಿ ನಿದ್ದೆ, ಕೂಗಳತೆಯಲ್ಲಿ ಔಷಧದ ಅಂಗಡಿ, ಮೂರರಲ್ಲಿ ಕನಿಷ್ಠ ಬಾಡಿಗೆ. ಅವರು ಹೇಳಿಕೊಂಡಿದ್ದ ಸಮುದ್ರದ ನೋಟ ಮಾತ್ರ ತಾರಸಿಯ ನೀರಿನ ಟ್ಯಾಂಕಿನ ಪಕ್ಕದಲ್ಲಿ ನಿಂತು ಕತ್ತು ಚಾಚಿದರೆ ಸಿಗುವಂಥದ್ದು. ಪುಟ್ಟ ಮಕ್ಕಳಿದ್ದರೆ ಅಥವಾ ಮಳೆ ಹಿಡಿಯುವ ಸಂಭವವಿದ್ದರೆ ನಾನೂ ಇದನ್ನೇ ಆರಿಸುತ್ತೇನೆ.

ಮುಂದಿನ ರಜೆಗೆ ಗುಡ್ಡದ ಮನೆಯನ್ನೇ ಕಾದಿರಿಸಿದ್ದೇನೆ. ಈ ಸಲ ಮಲಗುವುದಕ್ಕೆ ಕಡಲು ಕಾಣದ ಹಿಂಬದಿಯ ಕೋಣೆಯನ್ನೇ ಕೇಳಿ ಪಡೆದಿದ್ದೇನೆ.