ಕ್ಯೋಟೋದ ಹ್ಯೋತೇಯಲ್ಲಿ ಒಂದು ಮಧ್ಯಾಹ್ನದ ಊಟ

ಜಪಾನಿನ ಕ್ಯೋಟೋ ನಗರದ ಪೂರ್ವದ ಅಂಚಿನಲ್ಲಿರುವ ನಾನ್‌ಝೆನ್‌ಜಿ ದೇವಾಲಯಕ್ಕೆ ಹೋಗುವ ಯಾತ್ರಿಕರಿಗೆ ಸುಮಾರು 400 ವರ್ಷಗಳ ಹಿಂದೆ ಚಹಾ ಕೊಟ್ಟು ದಣಿವಾರಿಸುತ್ತಿದ್ದ ಅಂಗಡಿಯೊಂದು 1837ರಲ್ಲಿ ಊಟದ ಮನೆಯಾಯಿತು. ಅದೇ ಹ್ಯೋತೇ. ಈಗ ಅಡುಗೆಮನೆಯ ಹೊಣೆ ಹೊತ್ತಿರುವುದು ಅದೇ ಮನೆತನದ 15ನೆಯ ತಲೆಮಾರು. ಬಾಗಿಲ ಬಳಿ ಹುಲ್ಲಿನ ಚಪ್ಪಲಿಗಳನ್ನು ಇಂದಿಗೂ ತೂಗುಹಾಕಿರುವುದರಿಂದ, ದಾರಿಹೋಕರಿಗೆ ಅದು ಹಳೆಯ ಚಹಾದಂಗಡಿಯಂತೆಯೇ ಕಾಣುತ್ತದೆ.

ಜುಲೈ ತಿಂಗಳ ಸೆಕೆಯ ಒಂದು ಮಧ್ಯಾಹ್ನ ನಾನು ಮತ್ತು ನನ್ನ ಪತ್ನಿ ಅಲ್ಲಿ ಕೈಸೆಕಿ ಊಟ ಮಾಡಿದೆವು. ಕೈಸೆಕಿ ಎಂದರೆ ಚಹಾಕೂಟಕ್ಕೆ ಮುನ್ನ ಬಡಿಸುತ್ತಿದ್ದ ಮಿತವಾದ ಊಟದಿಂದ ಬೆಳೆದ, ಒಂದರ ನಂತರ ಒಂದಾಗಿ ಬರುವ ತಿನಿಸುಗಳ ಕ್ರಮ. ಊಟದ ಕೋಣೆಗಳು ತೋಟದೊಳಗೆ ಬಿಡಿಬಿಡಿಯಾಗಿವೆ. ಕಿಮೋನೋ ಧರಿಸಿದ ನಕಾಯ್, ಅಂದರೆ ಬಡಿಸುವಾಕೆ, ನಮ್ಮನ್ನು ಕಲ್ಲುಹಾಸಿನ ಮೇಲೆ ನಡೆಸಿಕೊಂಡು ಹೋಗಿ, ತಾತಾಮಿ ಚಾಪೆ ಹಾಸಿದ ಪುಟ್ಟ ಕೋಣೆಯಲ್ಲಿ ಕೂರಿಸಿದರು. ಆಮೇಲೆ ಕೇಳಿಸಿದ್ದು ತೋಟದ ನೀರಿನ ಸದ್ದು ಮಾತ್ರ.

ಈ ಮನೆಯ ಹೆಸರಿನಲ್ಲಿರುವುದು ಸೋರೆಬುರುಡೆ. ಹೆಸರಾಗಿರುವುದು ಮಾತ್ರ ಮೊಟ್ಟೆ. ಅರ್ಧಕ್ಕೆ ಸೀಳಿದ ಬೇಯಿಸಿದ ಮೊಟ್ಟೆ ಎಂದು ಹೇಳಿದರೆ ಯಾರೂ ಬೆರಗಾಗಲಾರರು. ಆದರೆ ಬಿಳಿಯ ಭಾಗ ಪೂರ್ತಿ ಗಟ್ಟಿಯಾಗಿದ್ದು, ಹಳದಿ ಇನ್ನೇನು ಹರಿಯಬೇಕು ಎನ್ನುವಲ್ಲಿ ನಿಂತಿತ್ತು. ಅದರ ಮೇಲೆ ತೆಳುಬಣ್ಣದ ಸೋಯಾ ಸಾಸಿನ ಒಂದೆರಡು ಹನಿ, ಅಷ್ಟೆ. ಚಹಾದಂಗಡಿಯ ದಿನಗಳಿಂದ ಉಳಿದುಬಂದ ತಿನಿಸಿದು. ಇಷ್ಟು ದೊಡ್ಡ ಹೆಸರಿನ ಮನೆ ಇಷ್ಟು ಸರಳವಾದ ಪದಾರ್ಥವನ್ನು ಅಲಂಕರಿಸದೆ ಮುಂದಿಡುವ ಧೈರ್ಯ ಮಾಡಿರುವುದನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಊಟದ ಜೀವಾಳವಿರುವುದು ವಾನ್‌ಮೋರಿ ಎನ್ನುವ ಮುಚ್ಚಳದ ಬಟ್ಟಲಿನಲ್ಲಿ. ಅರಗು ಬಳಿದ ಮುಚ್ಚಳವನ್ನು ಎತ್ತಿದೊಡನೆ ಯೂಜು ಎಂಬ ನಿಂಬೆ ಜಾತಿಯ ಹಣ್ಣಿನ ಹಸಿರು ಸಿಪ್ಪೆಯ ಪರಿಮಳ ಹಬೆಯೊಂದಿಗೆ ಮೇಲೇರಿತು. ತಿಳಿಯಾದ ಸಾರಿನ ನಡುವೆ ಹಾಮೋ ಮೀನಿನ ತುಂಡು ಬಿಳಿ ಹೂವಿನಂತೆ ಬಿರಿದು ಕುಳಿತಿತ್ತು. ಹಾವಿನಂತೆ ನೀಳವಾದ ಈ ಕಡಲ ಮೀನಿನ ಮೈತುಂಬ ಸಣ್ಣ ಮುಳ್ಳುಗಳಿರುವುದರಿಂದ, ಅಡುಗೆಯವರು ಭಾರವಾದ ಕತ್ತಿಯಲ್ಲಿ ಮೂರು ಸೆಂಟಿಮೀಟರಿಗೆ ಇಪ್ಪತ್ತಕ್ಕೂ ಹೆಚ್ಚು ಗೀರುಗಳನ್ನು, ತೊಗಲು ಮಾತ್ರ ತುಂಡಾಗದಂತೆ ಎಳೆಯುತ್ತಾರೆ. ಬಿಸಿ ನೀರು ತಗುಲಿದಾಗ ಆ ಗೀರುಗಳೇ ಎಸಳುಗಳಾಗಿ ಅರಳುತ್ತವೆ. ಕಡಲಿನಿಂದ ದೂರವಿರುವ ಕ್ಯೋಟೋಗೆ ಹಿಂದಿನ ಕಾಲದ ಬೇಸಿಗೆಯಲ್ಲಿ ಜೀವಸಹಿತ ಬಂದು ತಲುಪುತ್ತಿದ್ದ ಗಟ್ಟಿಜೀವದ ಮೀನು ಇದಾದ್ದರಿಂದಲೇ, ಜುಲೈ ತಿಂಗಳ ಗಿಯೋನ್ ಉತ್ಸವಕ್ಕೆ ಹಾಮೋ ಹಬ್ಬ ಎಂಬ ಇನ್ನೊಂದು ಹೆಸರೂ ಉಂಟು. ನನ್ನ ಬಾಯಿಗೆ ಒಂದೇ ಒಂದು ಮುಳ್ಳು ಸಿಗಲಿಲ್ಲ.

ಮೀನಿಗಿಂತಲೂ ನನ್ನ ನೆನಪಿನಲ್ಲಿ ನಿಂತಿರುವುದು ಆ ಸಾರು, ಅಂದರೆ ದಾಶಿ. ಜಪಾನಿನ ಉತ್ತರದ ದ್ವೀಪವಾದ ಹೊಕ್ಕೈಡೋದ ಉತ್ತರ ತುದಿಯ ರಿಶಿರಿ ಕೊಂಬು ಎಂಬ ಕಡಲಕಳೆಯನ್ನು ಕ್ಯೋಟೋದ ಮೆದು ನೀರಿನಲ್ಲಿ ನಿಧಾನವಾಗಿ ಕಾಯಿಸಿ, ಅದಕ್ಕೆ ಒಣಮೀನಿನ ಹೆರೆತವನ್ನು ಹಾಕಿ ಸೋಸುತ್ತಾರೆ. ಬಹುತೇಕ ಕಡೆ ಬೊನಿಟೊ ಮೀನು ಬಳಸಿದರೆ, ಹ್ಯೋತೇಯಲ್ಲಿ ಬಳಸುವುದು ಟ್ಯೂನಾ. ಅದರಿಂದ ಸಾರಿಗೆ ಹುಳಿಯ ಸುಳಿವಿಲ್ಲದ ನಯವಾದ ಮಾಧುರ್ಯ ಬರುತ್ತದೆ. ಮೊದಲ ಗುಟುಕಿಗೆ ಉಪ್ಪು ಸಾಲದು ಅನ್ನಿಸಿತು. ಆದರೆ ಬಟ್ಟಲು ಬರಿದಾಗುವ ಹೊತ್ತಿಗೆ, ಉಪ್ಪು ಒಂದು ಕಾಳಿನಷ್ಟು ಹೆಚ್ಚಾಗಿದ್ದರೂ ಕೆಡುತ್ತಿತ್ತು ಎಂಬುದು ಮನವರಿಕೆಯಾಯಿತು.

ಆಕಾಶಿ ಕಡಲಿನ ತಾಯ್ ಎಂಬ ಮೀನಿನ ಹಸಿ ಹೋಳುಗಳು, ಸುಟ್ಟ ಪದಾರ್ಥ, ಬೇಯಿಸಿದ ತರಕಾರಿ, ಅನ್ನ, ಉಪ್ಪಿನಕಾಯಿ ಎಲ್ಲವೂ ಅಚ್ಚುಕಟ್ಟಾಗಿದ್ದವು. ಒಂದು ತಿನಿಸು ಮುಗಿದ ಸುಳಿವು ನಕಾಯ್ ಅವರಿಗೆ ಹೇಗೆ ಸಿಗುತ್ತಿತ್ತೋ ತಿಳಿಯಲಿಲ್ಲ. ನಾವು ಒಮ್ಮೆಯೂ ಕರೆಯಬೇಕಾಗಲಿಲ್ಲ, ಒಮ್ಮೆಯೂ ಅವಸರಪಡಬೇಕಾಗಲಿಲ್ಲ.

ಹೋಗಬಯಸುವ ಕನ್ನಡಿಗರು ಒಂದು ವಿಷಯವನ್ನು ಮೊದಲೇ ತಿಳಿದಿರಬೇಕು. ದಾಶಿ ಎಂಬುದು ಸಾರಿಗೆ ಮಾತ್ರವಲ್ಲ, ತರಕಾರಿ ಬೇಯಿಸುವುದಕ್ಕೂ ಬೇಕಾಗುವುದರಿಂದ, ಮೀನಿನ ತುಂಡನ್ನು ಪಕ್ಕಕ್ಕಿಟ್ಟ ಮಾತ್ರಕ್ಕೆ ಕೈಸೆಕಿ ಊಟ ಸಸ್ಯಾಹಾರವಾಗುವುದಿಲ್ಲ. ಮೀನು ಮುಟ್ಟದವರು ಕ್ಯೋಟೋದ ಝೆನ್ ಮಠಗಳ ಪರಂಪರೆಯಿಂದ ಬಂದ ಶೋಜಿನ್ ಊಟವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಅಲ್ಲಿ ಸಾರಿಗೆ ಕಡಲಕಳೆ ಮತ್ತು ಒಣ ಶಿಟಾಕೆ ಅಣಬೆಯೇ ಆಧಾರ. ನೆಲದ ಮೇಲೆ ಬಹಳ ಹೊತ್ತು ಕೂರಲಾಗದವರು ಕಾಯ್ದಿರಿಸುವಾಗಲೇ ಹೇಳಬೇಕು.

ದುಬಾರಿ ಊಟವಿದು, ನಿಜ. ಅಷ್ಟು ಖರ್ಚು ಬೇಡವೆನ್ನುವವರಿಗೆ ಪಕ್ಕದಲ್ಲಿಯೇ ಬೆಕ್ಕನ್ ಎಂಬ ಇನ್ನೊಂದು ಕಟ್ಟಡವಿದೆ. ಅಲ್ಲಿ ಊಟ ಚಿಕ್ಕದು, ಬೆಲೆಯೂ ಕಡಿಮೆ. ಬೇಸಿಗೆಯಲ್ಲಿ ಹೋಗುವವರು ಬೆಳಗಿನ ಅಕ್ಕಿ ಗಂಜಿಯನ್ನೂ ವಿಚಾರಿಸಲಿ. ಗಿಯೋನ್ ಎಂಬ ಮನರಂಜನೆಯ ಬಡಾವಣೆಯಲ್ಲಿ ರಾತ್ರಿಯಿಡೀ ಕಳೆದ ರಸಿಕರು ಮುಂಜಾನೆ ಬಂದು ಯಜಮಾನರನ್ನು ಎಬ್ಬಿಸಿ, ಏನಾದರೂ ಉಣ್ಣಲು ಕೊಡಿ ಎಂದು ಕೇಳಿದ್ದರಿಂದ ಆ ಗಂಜಿ ಶುರುವಾಯಿತಂತೆ. ಅದರ ಜೊತೆಗೂ ಆ ಮೊಟ್ಟೆ ಸಿಗುತ್ತದೆ.