ಹಳೆಯ ವಾದ್ಯಗಳನ್ನು ಕೊಳ್ಳುವ ಬೆಳಗಾವಿಯ ಅಂಗಡಿ

ನನ್ನ ಸಂಗ್ರಹದ ಹಾರ್ಮೋನಿಯಂ ಹಾಗೂ ತಂಬೂರಿಯನ್ನು ಖಡೇಬಜಾರ್ ಸಮೀಪದ ಈ ಚಿಕ್ಕ ಅಂಗಡಿಗೆ ಮಾರಿದೆ. ಮಾಲೀಕರು ಬೆಲೆಯ ಮಾತೆತ್ತುವ ಮೊದಲು ಹಾರ್ಮೋನಿಯಂನ ತಿದಿಯ ಮಡಿಕೆಗಳಲ್ಲಿ ಗಾಳಿ ಸೋರುತ್ತಿದೆಯೇ ಎಂದು ಕಿವಿಗೊಟ್ಟು ಆಲಿಸಿದರು, ಮುಚ್ಚಳ ತೆಗೆದು ಹಿತ್ತಾಳೆಯ ರೀಡುಗಳನ್ನು ಒಂದೊಂದಾಗಿ ನುಡಿಸಿ ನೋಡಿದರು, ತಂಬೂರಿಯ ಸೋರೆಬುರುಡೆಯ ಮೇಲೆ ಬೆರಳಾಡಿಸಿ ಕೂದಲೆಳೆಯಷ್ಟು ಸಣ್ಣ ಬಿರುಕೊಂದನ್ನು ತೋರಿಸಿದರು. ಅದು ಮಿರಜಿನ ತಂಬೂರಿ. ಅಲ್ಲಿನ ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ದೊರೆತಿದೆ. ಅವರು ತಂತಿಗಳನ್ನು ಹೊರುವ ಕುದುರೆಯ ಮೇಲೆ, ನಾದ ತುಂಬಲೆಂದು ತಂತಿಯಡಿ ಇಡುವ ಜವಾರಿಯ ದಾರವನ್ನು ತುಸು ಸರಿಸಿದೊಡನೆ ಷಡ್ಜವು ತುಂಬಿ ಬಂದಿತು, ಆಗ ಅದನ್ನು ಬಿಟ್ಟುಕೊಡಲು ನಿಜಕ್ಕೂ ಮನಸ್ಸಾಗಲಿಲ್ಲ. ಆದರೂ ನುಡಿಸುವವರಿಲ್ಲದ ಮನೆಯಲ್ಲಿ ಅದನ್ನಿಡುವುದು ಸರಿಯಲ್ಲವೆಂದು ಕೊಟ್ಟೆ. ದುರಸ್ತಿಯ ಖರ್ಚನ್ನು ಕಳೆದು ಹೇಳಿದ ಬೆಲೆ ನ್ಯಾಯವಾಗಿತ್ತು, ಹಣವೂ ಅಂದೇ ಕೈಸೇರಿತು. ಕಲಿಯುವವರಿಗೇ ಕೊಡಬೇಕೆಂಬ ನನ್ನ ಕೋರಿಕೆಗೂ ಒಪ್ಪಿದರು. ಮನೆಗೆ ಬಂದು ಒಯ್ಯುವ ವ್ಯವಸ್ಥೆ ಇಲ್ಲವಾದ್ದರಿಂದ, ತಂತಿಗಳನ್ನು ಸಡಿಲಿಸಿ ದಪ್ಪ ಬಟ್ಟೆಯಲ್ಲಿ ಸುತ್ತಿ ನೀವೇ ತರಬೇಕು.