ಡಿಎಕ್ಸ್ ಕಿಟ್ಟಿಗೆ ಮುಂದಿನ ಲೆನ್ಸ್: ಬೇಲೂರಿನ ನವರಂಗದಲ್ಲೂ ಭದ್ರಾ ಹಿನ್ನೀರಿನಲ್ಲೂ ಬಳಸಿ ನೋಡಿದ್ದು

ನಿಕಾನ್ ಡಿ5600, ಡಿ7500 ಅಥವಾ ಅವುಗಳ ಓರಗೆಯ ಡಿಎಕ್ಸ್ (ಚಿಕ್ಕ ಸೆನ್ಸರಿನ) ಕ್ಯಾಮೆರಾವನ್ನು 18-55 ಮಿ.ಮೀ. ಕಿಟ್ ಲೆನ್ಸಿನೊಂದಿಗೆ ಕೊಂಡು ಅದರಲ್ಲೇ ಕೈ ಪಳಗಿಸಿಕೊಂಡವರು ಮುಂದೆ ಯಾವ ಲೆನ್ಸ್ ಕೊಳ್ಳಬೇಕೆಂದು ವಿಚಾರಿಸಿದರೆ, ಅವರಿಗೆ ಬಹುಪಾಲು ಸಿಗುವುದು ಅಂಕಿಗಳನ್ನು ಜೋಡಿಸಿ ಕೊಟ್ಟ ಉತ್ತರ. 18ರಿಂದ 55ರವರೆಗೆ ಇದೆ, ಅದರ ಮೇಲಕ್ಕೆ 300ರವರೆಗೆ ಒಂದು, ಕೆಳಕ್ಕೆ 10ರವರೆಗೆ ಇನ್ನೊಂದು ಕೊಂಡರೆ ಸಾಲು ಭರ್ತಿಯಾಗುತ್ತದೆ ಎಂಬ ಲೆಕ್ಕಾಚಾರ ಅದು. ಈ ಲೆಕ್ಕಾಚಾರವನ್ನು ನಾನು ಒಪ್ಪುವುದಿಲ್ಲ. ಚೀಲದಲ್ಲಿ ಯಾವ ಅಂಕಿ ಇಲ್ಲ ಎಂದು ನೋಡುವ ಮೊದಲು, ಯಾವ ಬಗೆಯ ಚಿತ್ರ ಮತ್ತೆ ಮತ್ತೆ ಕೈತಪ್ಪುತ್ತಿದೆ ಎಂದು ನೋಡಬೇಕು. 55ಕ್ಕೂ 70ಕ್ಕೂ ನಡುವೆ ಏನೂ ಇಲ್ಲದಿದ್ದರೆ ಎರಡು ಹೆಜ್ಜೆ ಮುಂದಿಟ್ಟು ಸರಿಪಡಿಸಿಕೊಳ್ಳಬಹುದು. ಬೆಳಕು ಸಾಲದಿದ್ದರೆ ಎಷ್ಟು ಹೆಜ್ಜೆ ಇಟ್ಟರೂ ಪ್ರಯೋಜನವಿಲ್ಲ.

ಇದನ್ನು ತಿಳಿಯಲು ಸುಲಭವಾದ ದಾರಿಯೊಂದಿದೆ. ಕಳೆದ ಒಂದು ವರ್ಷದ ಚಿತ್ರಗಳನ್ನು ಕಂಪ್ಯೂಟರಿನಲ್ಲಿ ತೆರೆದು, ಪ್ರತಿ ಕಡತದೊಳಗೆ ತಾನೇ ದಾಖಲಾಗಿರುವ ಫೋಕಲ್ ಲೆಂಗ್ತ್ (ಮಿ.ಮೀ. ಅಂಕಿ, ಹೆಚ್ಚಿದಷ್ಟೂ ದೂರದ್ದು ಹತ್ತಿರ ಕಾಣುತ್ತದೆ), ಅಪರ್ಚರ್ (ಬೆಳಕು ಬರುವ ಕಿಂಡಿ, ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಮತ್ತು ಐಎಸ್ಒ (ಸೆನ್ಸರಿನ ಬೆಳಕಿನ ಸಂವೇದನೆ, ಹೆಚ್ಚಿಸಿದಷ್ಟೂ ಚಿತ್ರ ಕಾಳುಕಾಳಾಗುತ್ತದೆ) ಅಂಕಿಗಳನ್ನು ಗಮನಿಸಿದರೆ ಸಾಕು. ಹೆಚ್ಚಿನವು 55ರಲ್ಲೇ ತೆಗೆದವಾಗಿದ್ದು, ಆಮೇಲೆ ಸುತ್ತಲೂ ಕತ್ತರಿಸಿದವಾಗಿದ್ದರೆ ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸ್ ಬೇಕಾಗಿದೆ ಎಂದರ್ಥ. ಐಎಸ್ಒ 3200, 6400ರಲ್ಲೇ ನಿಂತಿದ್ದು, ಆದರೂ ಚಿತ್ರ ಅಲುಗಿದ್ದರೆ ಬೇಕಾದದ್ದು ದೊಡ್ಡ ಅಪರ್ಚರಿನ ಲೆನ್ಸ್. ನನ್ನ ಆಸಕ್ತಿ ಹೊಯ್ಸಳ ದೇವಾಲಯಗಳು ಮತ್ತು ನಮ್ಮ ನದಿಗಳ ಹಕ್ಕಿಗಳು. ಆದ್ದರಿಂದ ಮುಂದೆ ಹೇಳುವ ಲೆನ್ಸುಗಳ ಗುಣದೋಷಗಳೆಲ್ಲ ಆ ಎರಡು ಕೆಲಸಗಳಲ್ಲಿ ಕಂಡವು.

ಮೊದಲ ಸ್ಥಾನವನ್ನು ನಾನು ಯಾವ ಸಂಕೋಚವೂ ಇಲ್ಲದೆ ಎಎಫ್-ಎಸ್ ಡಿಎಕ್ಸ್ 35 ಮಿ.ಮೀ. ಎಫ್/1.8ಜಿ ಲೆನ್ಸಿಗೆ ಕೊಡುತ್ತೇನೆ. 2009ರಲ್ಲಿ ಬಂದ, ಕೇವಲ 200 ಗ್ರಾಂ ತೂಕದ ಈ ಪುಟ್ಟ ಪ್ರೈಮ್ (ಜೂಮ್ ಇಲ್ಲದ) ಲೆನ್ಸ್, ಡಿಎಕ್ಸ್ ಸೆನ್ಸರಿನ ಮೇಲೆ ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದ 50 ಮಿ.ಮೀ. ಲೆನ್ಸಿನಷ್ಟೇ ಹರವನ್ನು ತೋರಿಸುತ್ತದೆ. ಕಿಟ್ ಲೆನ್ಸಿನಲ್ಲೂ 35 ಮಿ.ಮೀ. ಇದೆಯಲ್ಲ, ಅದೇ ಅಂಕಿಗೆ ಮತ್ತೆ ಹಣ ಏಕೆ ಎಂದು ಕೇಳುವವರಿದ್ದಾರೆ. ಕಿಟ್ ಲೆನ್ಸನ್ನು 35ರಲ್ಲಿ ನಿಲ್ಲಿಸಿದಾಗ ಅದರ ಅತಿ ದೊಡ್ಡ ಅಪರ್ಚರ್ ಎಫ್/4.5ರ ಆಸುಪಾಸಿನಲ್ಲಿರುತ್ತದೆ, ಎಫ್/1.8 ಅದರ ಆರು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಎಂದರೆ ಕಿಟ್ ಲೆನ್ಸಿನಲ್ಲಿ ಐಎಸ್ಒ 6400 ಬೇಡುವ ಜಾಗದಲ್ಲಿ, ಅದೇ ಶಟರ್ ವೇಗಕ್ಕೆ ಇಲ್ಲಿ 1000 ಸಾಕು.

ಈ ವ್ಯತ್ಯಾಸ ಏನೆಂಬುದು ಬೇಲೂರಿನ ಚೆನ್ನಕೇಶವ ದೇವಾಲಯದ ನವರಂಗದಲ್ಲಿ, ಎಂದರೆ ಗರ್ಭಗುಡಿಯ ಮುಂದಿನ ಕಂಬಗಳ ಮಂಟಪದಲ್ಲಿ ನಿಂತಾಗ ಅನುಭವಕ್ಕೆ ಬರುತ್ತದೆ. ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಕಣ್ಣು ಹೊಂದಿಕೊಳ್ಳುವುದಕ್ಕೇ ಸ್ವಲ್ಪ ಹೊತ್ತು ಬೇಕು. ಜಾಲಂಧ್ರಗಳಿಂದ ಸೋಸಿ ಬರುವ ಬೆಳಕು ಕಂಬಗಳ ಒಂದು ಮಗ್ಗುಲನ್ನಷ್ಟೇ ಮುಟ್ಟುತ್ತದೆ. ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳಲ್ಲಿ ಅನುಮತಿಯಿಲ್ಲದೆ ಟ್ರೈಪಾಡ್ ಬಳಸುವಂತಿಲ್ಲವಾದ್ದರಿಂದ ಎಲ್ಲವನ್ನೂ ಕೈಯಲ್ಲೇ ಹಿಡಿದು ತೆಗೆಯಬೇಕು. ಎಫ್/2ರಲ್ಲಿ ಈ ಲೆನ್ಸನ್ನು ಭುವನೇಶ್ವರಿಯ (ಕೆತ್ತನೆಯ ಒಳಛಾವಣಿಯ) ಕಡೆಗೆ ಎತ್ತಿ ಹಿಡಿದರೆ, ಕಿಟ್ ಲೆನ್ಸಿನಲ್ಲಿ ಬರೀ ಕಪ್ಪು ಮುದ್ದೆಯಾಗಿ ಬರುತ್ತಿದ್ದ ಇಳಿಬಿದ್ದ ಕಮಲದ ಎಸಳುಗಳು ಒಂದೊಂದಾಗಿ ಬಿಡಿಸಿಕೊಂಡು ಬರುತ್ತವೆ. ಬಳಪದ ಕಲ್ಲಿನ ನುಣುಪು, ಉಳಿ ಹೊಕ್ಕು ಬಂದ ಸಂದಿನ ಚೂಪು, ಇವು ಐಎಸ್ಒ 6400ರ ಕಾಳುಕಾಳಿನಲ್ಲಿ ಅಳಿಸಿಹೋಗುವಂಥವು, 1000ದಲ್ಲಿ ಉಳಿದುಕೊಳ್ಳುತ್ತವೆ.

ದೋಷಗಳನ್ನೂ ಹೇಳಬೇಕು. ಎಫ್/1.8ರಲ್ಲಿ ಫೋಕಸ್ ಬಿಂದುವಿನ ಮುಂದಿನ ಹೊಳಪಿನ ಅಂಚುಗಳಲ್ಲಿ ನೇರಳೆ ಛಾಯೆಯೂ ಹಿಂದಿನವುಗಳಲ್ಲಿ ಹಸಿರು ಛಾಯೆಯೂ ಕಾಣುತ್ತವೆ, ಎಫ್/2.8ಕ್ಕೆ ಇಳಿಸಿದರೆ ಬಹುಮಟ್ಟಿಗೆ ತಗ್ಗುತ್ತವೆ. ಚೌಕಟ್ಟಿನ ಅಂಚಿಗೆ ಬಂದ ನೇರ ಕಂಬ ಸ್ವಲ್ಪ ಹೊರಕ್ಕೆ ಉಬ್ಬಿದಂತೆ ಬರುತ್ತದೆ, ಅದನ್ನು ಕಂಪ್ಯೂಟರಿನಲ್ಲಿ ತಿದ್ದಬೇಕು. ಕೈನಡುಕವನ್ನು ತಡೆಯುವ ವಿಆರ್ ಇದರಲ್ಲಿಲ್ಲ. ಇಷ್ಟಾದರೂ ಬೆಲೆ ಮತ್ತು ತೂಕದ ಲೆಕ್ಕದಲ್ಲಿ ಡಿಎಕ್ಸ್ ಕ್ಯಾಮೆರಾಕ್ಕೆ ಇದಕ್ಕಿಂತ ಹೆಚ್ಚು ಫಲ ಕೊಡುವ ಇನ್ನೊಂದು ಲೆನ್ಸನ್ನು ನಾನು ಕಂಡಿಲ್ಲ.

ಎರಡನೆಯದು ಎಎಫ್-ಪಿ ಡಿಎಕ್ಸ್ 70-300 ಮಿ.ಮೀ. ಎಫ್/4.5-6.3ಜಿ, ಅದರಲ್ಲೂ ವಿಆರ್ ಇರುವ ಮಾದರಿ. ಇದೇ ಹೆಸರಿನಲ್ಲಿ ವಿಆರ್ ಇಲ್ಲದ ಲೆನ್ಸೂ ಮಾರಾಟವಾಗಿದೆ. ನೋಡಲು ಹೆಚ್ಚುಕಡಿಮೆ ಒಂದೇ ಥರ ಇರುವುದರಿಂದ ಕೊಳ್ಳುವಾಗ ಲೆನ್ಸಿನ ಮೇಲಿನ ಅಕ್ಷರಗಳನ್ನು ಓದಲೇಬೇಕು. ತೂಕ 415 ಗ್ರಾಂ ಮಾತ್ರ, ಕೊರಳಿಗೆ ಹಾಕಿಕೊಂಡು ದಿನವಿಡೀ ಸುತ್ತಬಹುದು. ಇದರ ಸ್ಟೆಪ್ಪಿಂಗ್ ಮೋಟಾರಿನ ಫೋಕಸ್ ಸದ್ದಿಲ್ಲದೆ, ಈ ಬೆಲೆಯ ಲೆನ್ಸಿನಿಂದ ನಿರೀಕ್ಷಿಸದಷ್ಟು ಚುರುಕಾಗಿ ಕೂರುತ್ತದೆ.

ಟೆಲಿ ಲೆನ್ಸ್ ಎಂದೊಡನೆ ಎಲ್ಲರ ಮನಸ್ಸು ಹಕ್ಕಿಗಳ ಕಡೆಗೆ ಹೋಗುತ್ತದೆ. ದೇವಾಲಯಕ್ಕೂ ಇದು ಅಷ್ಟೇ ಅಗತ್ಯ ಎಂಬುದನ್ನು ಒತ್ತಿ ಹೇಳಬಯಸುತ್ತೇನೆ. ಬೇಲೂರಿನ ಮದನಿಕೆಯರು, ಎಂದರೆ ಸ್ತ್ರೀ ಶಿಲ್ಪಗಳು, ಸೂರಿನ ಕೆಳಗೆ, ನಮ್ಮ ತಲೆಯಿಂದ ಸಾಕಷ್ಟು ಎತ್ತರದಲ್ಲಿ, ಮುಂದಕ್ಕೆ ಬಾಗಿ ನಿಂತಿದ್ದಾರೆ. ಕಿಟ್ ಲೆನ್ಸ್ ಹಿಡಿದು ಗೋಡೆಯ ಬುಡಕ್ಕೆ ಹೋದರೆ ಗಲ್ಲದ ಕೆಳಭಾಗವೂ ಪೀಠವೂ ದೊಡ್ಡದಾಗಿ, ಮುಖ ಕುಗ್ಗಿ ಬರುತ್ತದೆ. ಜಗತಿಯ (ದೇವಾಲಯ ನಿಂತಿರುವ ಎತ್ತರದ ಕಟ್ಟೆಯ) ಅಂಚಿಗೋ ಕೆಳಗಿನ ಅಂಗಳಕ್ಕೋ ಸರಿದು 150ರಿಂದ 250 ಮಿ.ಮೀ. ನಡುವೆ ತೆಗೆದಾಗ ನೋಟದ ಕೋನ ತಗ್ಗಿ, ಶಿಲ್ಪಿ ಕಂಡರಿಸಿದ ಪ್ರಮಾಣ ಸರಿಯಾಗಿ ಮರಳುತ್ತದೆ. ಕನ್ನಡಿ ಹಿಡಿದ ಮದನಿಕೆ ದರ್ಪಣಸುಂದರಿಯ ಬೆರಳುಗಳ ನಡುವಿನ ತೆರಪೂ ಕಾಣುತ್ತದೆ. ಹಕ್ಕಿಗಳ ವಿಷಯದಲ್ಲಿ, ರಂಗನತಿಟ್ಟಿನ ದೋಣಿಯಿಂದ ಬಣ್ಣದ ಕೊಕ್ಕರೆ, ಬಾಯ್ಕಳಕ, ಬಂಡೆಯ ಮೇಲೆ ಮೈಚಾಚಿದ ಮೊಸಳೆ, ಇವಕ್ಕೆಲ್ಲ 300 ಸಾಕಾಗುತ್ತದೆ. ಹೆಜ್ಜಾರ್ಲೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುವ ಕೊಕ್ಕರೆ ಬೆಳ್ಳೂರಿನಲ್ಲೂ ಹಾಗೆಯೇ. ಬೆಳಕು ಇಳಿದ ಮೇಲೆ ಎಫ್/6.3 ಬಡವಾಗುತ್ತದೆ. ವಿಆರ್ ನಮ್ಮ ಕೈನಡುಕವನ್ನು ತಡೆದೀತೇ ಹೊರತು ಹಕ್ಕಿಯ ರೆಕ್ಕೆಯನ್ನು ನಿಲ್ಲಿಸದು, ಆದ್ದರಿಂದ ಸಂಜೆಯ ಹಾರಾಟದ ಚಿತ್ರಗಳನ್ನು ಇದರಿಂದ ನಿರೀಕ್ಷಿಸಬಾರದು.

ಒಂದು ಎಚ್ಚರಿಕೆಯನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಹೇಳಬೇಕು. ಎಎಫ್-ಪಿ ಲೆನ್ಸುಗಳು ಡಿ90, ಡಿ7000, ಡಿ5100, ಡಿ3100, ಡಿ3200 ಮುಂತಾದ ಹಳೆಯ ಕ್ಯಾಮೆರಾಗಳಲ್ಲಿ ಫೋಕಸ್ ಆಗುವುದೇ ಇಲ್ಲ. ಈ ಲೆನ್ಸಿನಲ್ಲಿ ಕೈಯಿಂದ ತಿರುಗಿಸುವ ಫೋಕಸ್ ಕೂಡ ಮೋಟಾರಿನ ಮೂಲಕವೇ ನಡೆಯುವುದರಿಂದ ಆ ದಾರಿಯೂ ಮುಚ್ಚಿರುತ್ತದೆ. ಡಿ5300, ಡಿ3300ಗಳಲ್ಲಿ ಕ್ಯಾಮೆರಾದ ಒಳಗಿನ ತಂತ್ರಾಂಶವಾದ ಫರ್ಮ್‌ವೇರನ್ನು ಹೊಸದು ಮಾಡಿಕೊಳ್ಳಬೇಕು. ಹಳೆಯ ಕ್ಯಾಮೆರಾ ಉಳ್ಳವರು 2006ರಿಂದ ಬಂದ ಎಎಫ್-ಎಸ್ 70-300 ವಿಆರ್ ಲೆನ್ಸನ್ನು ಹುಡುಕುವುದು ಲೇಸು. ಅದು 745 ಗ್ರಾಂ ತೂಗುತ್ತದೆ, 300ರಲ್ಲಿ ತುಸು ಮೃದುವಾಗಿಯೂ ಕಾಣುತ್ತದೆ, ಆದರೆ ಈ ತೊಡಕುಗಳು ಅದಕ್ಕಿಲ್ಲ.

ಅಗಲ ನೋಟಕ್ಕಾಗಿ ಇರುವ ಎಎಫ್-ಪಿ ಡಿಎಕ್ಸ್ 10-20 ಮಿ.ಮೀ. ಎಫ್/4.5-5.6ಜಿ ವಿಆರ್ 2017ರಲ್ಲಿ ಬಂತು. 230 ಗ್ರಾಂ ತೂಕಕ್ಕೆ ಇದು ಕೊಡುವುದು ಕಡಿಮೆಯೇನಲ್ಲ, ವಿಆರ್ ಇರುವುದರಿಂದ ಮಂಟಪಗಳ ಒಳಗೆ ನಿಧಾನ ಶಟರಿನಲ್ಲೂ ಕೈಯಲ್ಲೇ ತೆಗೆಯಬಹುದು. ಆದರೂ ಇದನ್ನು ಮೊದಲ ಎರಡರ ಸಾಲಿಗೆ ಸೇರಿಸಲಾರೆ. ಸೋಮನಾಥಪುರದ ಕೇಶವ ದೇವಾಲಯವನ್ನು ಸುತ್ತಲಿನ ಕೈಸಾಲೆಯಿಂದ 18 ಮಿ.ಮೀ.ನಲ್ಲೇ ಚೆನ್ನಾಗಿ ಹಿಡಿಯಬಹುದು. 10ರಲ್ಲಿ ಅಂಗಳದ ಕಲ್ಲುಹಾಸೇ ಚಿತ್ರದ ಅರ್ಧವನ್ನು ನುಂಗುತ್ತದೆ, ಕ್ಯಾಮೆರಾವನ್ನು ಕೊಂಚ ಮೇಲೆತ್ತಿದರೂ ಶಿಖರಗಳು ಹಿಂದಕ್ಕೆ ವಾಲುತ್ತವೆ. ಎದುರಿನಲ್ಲಿ ಕೈಗೆಟಕುವಷ್ಟು ಹತ್ತಿರ ಏನಾದರೊಂದು ವಸ್ತುವನ್ನಿಟ್ಟು ಅದರ ಹಿಂದೆ ಇಡೀ ಜಾಗವನ್ನು ತೋರಿಸಬಲ್ಲವರಿಗೆ ಮಾತ್ರ ಈ ಲೆನ್ಸ್ ಒಲಿಯುತ್ತದೆ. ಮನೆ ಕಟ್ಟುವವರ, ಒಳಾಂಗಣ ವಿನ್ಯಾಸಕಾರರ ಕೆಲಸ ಮಾಡುವವರಿಗಾದರೆ ಇದೇ ಮೊದಲ ಲೆನ್ಸ್ ಆಗಬಹುದು.

ಮ್ಯಾಕ್ರೋ, ಎಂದರೆ ಸಣ್ಣ ವಸ್ತುಗಳನ್ನು ತೀರ ಹತ್ತಿರದಿಂದ ತೆಗೆಯುವುದರ ಬಗ್ಗೆ ಚುಟುಕಾಗಿ ಹೇಳುತ್ತೇನೆ. ನಿಕಾನ್ ಇಂಥ ಲೆನ್ಸುಗಳನ್ನು ಮೈಕ್ರೋ ಎನ್ನುತ್ತದೆ. ಡಿಎಕ್ಸ್ ಮೈಕ್ರೋ 40 ಮಿ.ಮೀ. ಎಫ್/2.8 ಅಗ್ಗ ಮತ್ತು ಬಲು ಚೂಪು. ಆದರೆ ವಸ್ತುವನ್ನು ನಿಜಗಾತ್ರದಲ್ಲಿ ತೆಗೆಯಲು ಅದು ಸೆನ್ಸರಿನಿಂದ 16.3 ಸೆಂ.ಮೀ. ದೂರದಲ್ಲಿರಬೇಕು, ಕ್ಯಾಮೆರಾ ಮತ್ತು ಲೆನ್ಸಿನ ಉದ್ದವನ್ನು ಕಳೆದರೆ ಮುಂಗಾಜಿಗೂ ಕೀಟಕ್ಕೂ ನಡುವೆ ಉಳಿಯುವುದು ಎರಡು ಬೆರಳಿನಷ್ಟು ಜಾಗ. ಕೀಟ ಹಾರಿಹೋಗುತ್ತದೆ, ಹೋಗದಿದ್ದರೆ ಲೆನ್ಸಿನ ನೆರಳು ಅದರ ಮೇಲೆ ಬೀಳುತ್ತದೆ. ಮಲೆನಾಡಿನ ಮಳೆಯಲ್ಲಿ ಕಪ್ಪೆ, ಜೇಡ, ಅಣಬೆಗಳನ್ನು ತೆಗೆಯಬೇಕೆನ್ನುವವರು ಅದೇ ಕೆಲಸವನ್ನು 28.6 ಸೆಂ.ಮೀ.ನಿಂದ ಮಾಡುವ, ವಿಆರ್ ಕೂಡ ಇರುವ 85 ಮಿ.ಮೀ. ಎಫ್/3.5 ಮೈಕ್ರೋವನ್ನೇ ನೋಡಬೇಕು.

ಇನ್ನುಳಿದದ್ದು ಎಲ್ಲರೂ ಆಸೆಪಡುವ ಎಎಫ್-ಎಸ್ 200-500 ಮಿ.ಮೀ. ಎಫ್/5.6ಇ ವಿಆರ್. 2015ರಲ್ಲಿ ಬಂದ ಈ ಲೆನ್ಸ್ 500 ಮಿ.ಮೀ.ನಲ್ಲೂ ಎಫ್/5.6 ಉಳಿಸಿಕೊಳ್ಳುತ್ತದೆ. 300ರಿಂದ 500ಕ್ಕೆ ಹೋದಾಗ ಹಕ್ಕಿ ಚೌಕಟ್ಟಿನಲ್ಲಿ ತುಂಬುವ ಜಾಗ ಸುಮಾರು 2.8 ಪಟ್ಟಾಗುತ್ತದೆ, ದೂರದ ಕೊಂಬೆಯ ಮಿಂಚುಳ್ಳಿಯ ಗರಿಯನ್ನು ಎಣಿಸುವುದಕ್ಕೂ ಬರೀ ನೀಲಿ ಚುಕ್ಕೆಯನ್ನು ಕಾಣುವುದಕ್ಕೂ ಇರುವ ಅಂತರ ಇದು. ಬೇಸಿಗೆಯಲ್ಲಿ ಭದ್ರಾ ಹಿನ್ನೀರು ಇಳಿದು ನಡುಗಡ್ಡೆಗಳು ಮೇಲೆದ್ದು, ರಿವರ್ ಟರ್ನ್ ಹಕ್ಕಿಗಳು ಅಲ್ಲಿ ಗೂಡು ಮಾಡುವ ದಿನಗಳಲ್ಲಿ ಈ ಲೆನ್ಸಿನ ಬೆಲೆ ತಿಳಿಯುತ್ತದೆ. ದೋಣಿ ಗೂಡುಗಳಿಗೆ ತೀರ ಹತ್ತಿರ ಹೋಗಬಾರದು. ಆ ದೂರವನ್ನು ಗೌರವಿಸಿಯೂ ಕೊಕ್ಕಿನಲ್ಲಿ ಮೀನು ಹಿಡಿದು ಬರುವ ಹಕ್ಕಿಯನ್ನು ಸ್ಪಷ್ಟವಾಗಿ ಪಡೆಯಲು 500 ಬೇಕೇ ಬೇಕು. ಆದರೆ ಹಾರುವ ಹಕ್ಕಿಯ ಹಿಂದೆ ಇದರ ಫೋಕಸ್ ಮಿಂಚಿನ ವೇಗದಲ್ಲಿ ಓಡುವುದಿಲ್ಲ. ಜೂಮ್ ಉಂಗುರದ ತಿರುವು ಎಷ್ಟು ಉದ್ದವೆಂದರೆ 200ರಿಂದ 500ಕ್ಕೆ ಒಂದೇ ಸಲಕ್ಕೆ ಮುಟ್ಟಲಾಗದೆ ಕೈ ಬಿಟ್ಟು ಮತ್ತೆ ಹಿಡಿಯಬೇಕಾಗುತ್ತದೆ. ತೂಕ 2.3 ಕಿಲೋ, ಮುಂಭಾಗದ ಫಿಲ್ಟರ್ ಅಳತೆ 95 ಮಿ.ಮೀ.; ಡಿ5600ರಂಥ ಪುಟ್ಟ ಕ್ಯಾಮೆರಾಕ್ಕೆ ಹಾಕಿದಾಗ ಕ್ಯಾಮೆರಾವನ್ನಲ್ಲ, ಲೆನ್ಸಿನ ಕಾಲರನ್ನೇ (ಟ್ರೈಪಾಡಿಗೆ ಜೋಡಿಸುವ ಪಟ್ಟಿಯನ್ನೇ) ಹಿಡಿದು ಎತ್ತಬೇಕು. ಕಬಿನಿಯಂಥ ಕಡೆ ಸಫಾರಿಯ ಕ್ಯಾಮೆರಾ ಶುಲ್ಕವನ್ನು ಲೆನ್ಸಿನ ಉದ್ದ ನೋಡಿ ವಿಧಿಸುವುದೂ ಉಂಟು. ವಾರ ವಾರ ಹಕ್ಕಿಗಳ ಹಿಂದೆ ಹೋಗುವವರು ಕೊಳ್ಳಲಿ. ವರ್ಷಕ್ಕೊಮ್ಮೆ ಕಾಡಿಗೆ ಹೋಗುವವರಿಗೆ ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುವ ಲೆನ್ಸೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಲವರು ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಕಡೆಗೆ ಹೊರಳಿರುವುದರಿಂದ ಈ ಲೆನ್ಸುಗಳೆಲ್ಲ ಸೆಕೆಂಡ್ ಹ್ಯಾಂಡ್ ಆಗಿ ಒಳ್ಳೆಯ ಸ್ಥಿತಿಯಲ್ಲಿ ಸಿಗುತ್ತಿವೆ, ನಾನೂ ಹಾಗೆ ಕೊಳ್ಳುವುದನ್ನೇ ಸಲಹೆ ಮಾಡುತ್ತೇನೆ. ಕರಾವಳಿ, ಮಲೆನಾಡಿನ ಮಳೆಗಾಲಗಳನ್ನು ಕಂಡ ಲೆನ್ಸುಗಳಲ್ಲಿ ಮೊದಲು ನೋಡಬೇಕಾದದ್ದು ಫಂಗಸ್. ಲೆನ್ಸನ್ನು ಕ್ಯಾಮೆರಾದಿಂದ ಬಿಚ್ಚಿ, ಜಿ ಮಾದರಿಯದಾದರೆ (ಹೆಸರಿನಲ್ಲಿ ಎಫ್ ಅಂಕಿಯ ಕೊನೆಗೆ ಜಿ ಇದ್ದರೆ) ಹಿಂಬದಿಯಲ್ಲಿರುವ ಸಣ್ಣ ಲೋಹದ ಸನ್ನೆಯನ್ನು ಬೆರಳಿನಿಂದ ಮೆಲ್ಲನೆ ಸರಿಸಿ ಅಪರ್ಚರ್ ತೆರೆದಿಟ್ಟು, ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಬೇಕು. ಧೂಳಿನ ನಾಲ್ಕು ಕಣಗಳಿಂದ ತೊಂದರೆಯಿಲ್ಲ. ಜೇಡನ ಬಲೆಯಂತೆ ಕವಲೊಡೆದ ಬೆಳ್ಳನೆಯ ಎಳೆಗಳು ಗಾಜಿನ ಅಂಚಿನಿಂದ ಒಳಗೆ ಹಬ್ಬಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ಎಎಫ್-ಎಸ್ ಲೆನ್ಸುಗಳನ್ನು ಹತ್ತಿರದಿಂದ ದೂರಕ್ಕೆ ಕೆಲವು ಸಲ ಫೋಕಸ್ ಮಾಡಿಸಿ ಮೋಟಾರಿನಿಂದ ಕೀರಲು ಸದ್ದು ಬರುತ್ತದೆಯೇ ಕೇಳಬೇಕು, 200-500 ಆದರೆ 500ರಲ್ಲೇ ಎಫ್/5.6ರಲ್ಲಿ ತೆಗೆದು ನೋಡಬೇಕು. ಮನೆಗೆ ತಂದ ಮೇಲೆ ಬಟ್ಟೆಯ ಚೀಲದಲ್ಲಿ ಮುಚ್ಚಿಡದೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ, ತೇವಾಂಶವನ್ನು ಶೇ. 40ರಿಂದ 50ರೊಳಗೆ ಇಡುವುದು ಅಗತ್ಯ.

ಮುಂದೆ ತಾವೂ ನಿಕಾನಿನ ಮಿರರ್‌ಲೆಸ್ ಸಾಲಾದ ಜೆಡ್ ಕ್ಯಾಮೆರಾಕ್ಕೆ ಹೋಗುವ ಯೋಚನೆ ಇರುವವರು ಅಳುಕಬೇಕಾಗಿಲ್ಲ. ಮೇಲೆ ಹೇಳಿದ ಎಎಫ್-ಎಸ್ ಮತ್ತು ಎಎಫ್-ಪಿ ಲೆನ್ಸುಗಳೆಲ್ಲ ಹಳೆಯ ಲೆನ್ಸನ್ನು ಜೆಡ್ ಕ್ಯಾಮೆರಾಕ್ಕೆ ಜೋಡಿಸುವ ಎಫ್‌ಟಿಜೆಡ್ ಅಡಾಪ್ಟರಿನ ಮೂಲಕ ಆಟೋಫೋಕಸ್ ಸಹಿತ ಕೆಲಸ ಮಾಡುತ್ತವೆ. ಅಗ್ಗವೆಂದು ಹಲವರು ಕೊಳ್ಳುವ ಹಳೆಯ 50 ಮಿ.ಮೀ. ಎಫ್/1.8ಡಿ ಮಾತ್ರ ಅಲ್ಲಿ ಆಟೋಫೋಕಸ್ ಕಳೆದುಕೊಳ್ಳುತ್ತದೆ. ಒಳಗೆ ಫೋಕಸ್ ಮೋಟಾರ್ ಇಲ್ಲದ ಡಿ5600, ಡಿ3500 ಕ್ಯಾಮೆರಾಗಳಲ್ಲೂ ಅದರ ಪಾಡು ಅದೇ.